ಪೈಪು ಯಾರ ಕೈಯಲ್ಲಿ

ನಮ್ಮ ವಾರ್ಡಿನಲ್ಲಿ ಬೆನ್ನು ಮುರಿದುಕೊಂಡು ಮಲಗಿದವರು ಬೆನ್ನಿನಿಂದ ಸತ್ತದ್ದನ್ನು ನಾನು ನೋಡಿಲ್ಲ. ಮೂಳೆ ನೆಟ್ಟಗೋ ಸೊಟ್ಟಗೋ ಹೇಗೋ ಕೂಡಿಕೊಳ್ಳುತ್ತಿತ್ತು. ಕಾಲಿನ ಶಕ್ತಿ ಹೋದರೂ ಮನುಷ್ಯ ಕೂತು ಉಣ್ಣಬಹುದು, ಮಾತಾಡಬಹುದು, ಮನೆಯವರನ್ನು ಬೈಯಬಹುದು. ಅವರನ್ನು ಮುಗಿಸುತ್ತಿದ್ದದ್ದು ಉಚ್ಚೆ. ತಾನಾಗಿ ಹೊರಗೆ ಹೋಗಲಾರದ, ಹೋದರೂ ಪೂರ್ತಿ ಹೋಗದ, ಒಳಗೇ ನಿಂತು ಕೆಟ್ಟು ಮೇಲಕ್ಕೆ ಕಿಡ್ನಿಯತ್ತ ತಿರುಗಿದ ಉಚ್ಚೆ. ಕೆಲಸದಲ್ಲಿದ್ದಷ್ಟು ಕಾಲ ಅದನ್ನೇ ಅಳೆದು ಚಾರ್ಟಿನಲ್ಲಿ ಬರೆದಿಟ್ಟವಳು ನಾನು. ಅದರ ಬಗ್ಗೆ ಬರೆಯುವಾಗ ಸಂಕೋಚಪಡುವ ಕಾಲ ದಾಟಿಹೋಗಿದೆ.

1979ರಲ್ಲಿ ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಗೆ ನಾನು ಸ್ಟಾಫ್ ನರ್ಸ್ ಆಗಿ ಬಂದೆ. ಸುತ್ತ ಅಡಿಕೆ ತೋಟ. ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಕೊನೆಗಳಿಗೆ ಮೈಲುತುತ್ತ-ಸುಣ್ಣದ ಬೋರ್ಡೋ ಔಷಧಿ ಹೊಡೆಯಬೇಕು, ಚಳಿಗಾಲದಲ್ಲಿ ಕೊನೆ ಇಳಿಸಬೇಕು. ಎರಡಕ್ಕೂ ಮರ ಹತ್ತಲೇಬೇಕು. ಈ ಕೆಲಸ ಮಾಡುವ ಕೊನೆಗೌಡರು ಒಂದು ಮರದ ತುದಿಯಿಂದ ಇನ್ನೊಂದನ್ನು ಎಳೆದುಕೊಂಡು, ನೆಲಕ್ಕೆ ಇಳಿಯದೆಯೇ ಮರದಿಂದ ಮರಕ್ಕೆ ದಾಟುತ್ತಿದ್ದರು. ಆಷಾಢದಲ್ಲಿ ಮರವೆಲ್ಲ ಪಾಚಿ. ಪ್ರತಿವರ್ಷ ಯಾರಾದರೂ ಬೀಳುತ್ತಿದ್ದರು. ಬಿದ್ದವರನ್ನು ಕಂಬಳಿಯಲ್ಲಿ ಜೋಲಿ ಕಟ್ಟಿ, ತೋಟದ ಸಂಕ ದಾಟಿಸಿ, ಗುಡ್ಡ ಹತ್ತಿಸಿ, ರಸ್ತೆಗೆ ತಂದು ಮೆಟಡಾರ್ ವ್ಯಾನಿಗೆ ಹಾಕುತ್ತಿದ್ದರು. ಮರದಿಂದ ಬಿದ್ದಾಗ ಅರ್ಧ ಉಳಿದಿದ್ದ ಬೆನ್ನುಹುರಿ ಎಷ್ಟೋ ಸಲ ಆ ಜೋಲಿಯಲ್ಲಿ ಪೂರ್ತಿ ಹೋಗುತ್ತಿತ್ತು. ಬೇರೆ ದಾರಿಯೂ ಇರಲಿಲ್ಲ ಅನ್ನಿ.

1983ರ ಮಳೆಗಾಲದಲ್ಲಿ ಬಂದ ಒಬ್ಬ ಕೊನೆಗೌಡನ ವಿಷಯ ಹೇಳುತ್ತೇನೆ. ಮೂವತ್ತೆರಡು-ಮೂವತ್ತಮೂರರ ವಯಸ್ಸು, ಒಣಕಲು ಮೈ, ಅಂಗೈ ಮಾತ್ರ ಕಲ್ಲು. ಬಂದದ್ದು ಬಿದ್ದ ಮಾರನೆಯ ದಿನ. ಹೊಟ್ಟೆ ಹೊಕ್ಕುಳಿನವರೆಗೆ ಉಬ್ಬಿತ್ತು, ಒತ್ತಿದರೆ ಗಟ್ಟಿ. ಅವನಿಗೆ ಅದರ ಅರಿವೇ ಇರಲಿಲ್ಲ. ಕುಕ್ಕರಿನಂಥ ಸ್ಟೆರಿಲೈಜರಿನಲ್ಲಿ ಕುದಿಸಿದ ಕೆಂಪು ರಬ್ಬರಿನ ಕ್ಯಾಥೆಟರನ್ನು ಚಿಮ್ಮಟದಲ್ಲಿ ಎತ್ತಿ ಕಿಡ್ನಿ ಟ್ರೇಗೆ ಹಾಕಿಕೊಂಡು ಹೋದೆವು. ಡಾಕ್ಟರು ಪೈಪು ಹಾಕಿದ ಮೇಲೆ ಎನಾಮಲ್ ಬೇಸಿನ್ ತುಂಬಿ ಇನ್ನೊಂದು ತರಬೇಕಾಯಿತು. ಹೊಟ್ಟೆ ಇಳಿದದ್ದನ್ನು ನೋಡಿ ಅವನ ಹೆಂಡತಿ, ಗಂಡ ಅರ್ಧ ಗುಣವಾದ ಎಂದೇ ತಿಳಿದಳು.

ಬಲೂನಿನ ಕ್ಯಾಥೆಟರು ಆಗ ಇರಲಿಲ್ಲವೆಂದಲ್ಲ. ಅಮೆರಿಕದ ಫ್ರೆಡೆರಿಕ್ ಫೋಲಿ ಅದನ್ನು ರೂಪಿಸಿದ್ದು 1930ರ ದಶಕದಲ್ಲೇ. ಒಳಗೆ ಹೋದ ಮೇಲೆ ತುದಿಯ ಸಣ್ಣ ಬಲೂನಿಗೆ ನೀರು ತುಂಬಿಸಿದರೆ ಜಾರಿ ಹೊರಬರುವುದಿಲ್ಲ. ನಮ್ಮ ಸ್ಟೋರಿನಲ್ಲಿ ಅವು ಬಂದರೆ ಬಂದವು, ಇಲ್ಲದಿದ್ದರೆ ಇಲ್ಲ. ಇಲ್ಲದಾಗ ಮಾಮೂಲಿ ರಬ್ಬರ್ ಪೈಪನ್ನೇ ಪ್ಲಾಸ್ಟರ್ ಪಟ್ಟಿಯಿಂದ ಅಂಟಿಸಿ ನಿಲ್ಲಿಸಬೇಕು. ಇನ್ನೊಂದು ತುದಿ ಮಂಚದ ಕೆಳಗಿನ ಖಾಲಿ ಗ್ಲೂಕೋಸ್ ಬಾಟಲಿಗೆ. ಬಾಟಲಿಯ ಬಾಯಿಗೆ ಗಾಜ್ ಬಟ್ಟೆ ತುರುಕಿದರೆ ನಮ್ಮ ಶುಚಿತ್ವ ಮುಗಿಯಿತು. ಗುಡಿಸುವವಳ ಪೊರಕೆಗೆ ಆ ಬಾಟಲಿ ಉರುಳದ ದಿನವಿಲ್ಲ.

ಗಂಡಸರಿಗೆ ಬರೀ ಸೋರಿಕೆಯಾದರೆ ಇನ್ನೊಂದು ಉಪಾಯವಿತ್ತು. ಕುಟುಂಬ ಯೋಜನೆಯವರು ಪುಕ್ಕಟೆ ಹಂಚುವ ನಿರೋಧ್ ಪೊಟ್ಟಣ ತಂದು, ತುದಿಗೆ ತೂತು ಮಾಡಿ, ಹಳೆಯ ಡ್ರಿಪ್ ಸೆಟ್ಟಿನ ಕೊಳವೆಯನ್ನು ದಾರದಿಂದ ಬಿಗಿದು ತೊಡಿಸುವುದು. ಪೊಟ್ಟಣಗಳು ರಿಜಿಸ್ಟರಿನಲ್ಲಿ ವಿತರಣೆಯಾದ ಲೆಕ್ಕಕ್ಕೇ ಹೋಗುತ್ತಿದ್ದವು. ತಾಲ್ಲೂಕಿನ ಜನನ ನಿಯಂತ್ರಣದ ಗುರಿ ಮುಟ್ಟುವುದಕ್ಕೆ ಸೊಂಟದ ಕೆಳಗೆ ಸ್ವಾಧೀನವಿಲ್ಲದ ಆ ಗಂಡಸರೂ ಕೈಲಾದಷ್ಟು ಸಹಾಯ ಮಾಡಿದ್ದಾರೆ.

ಒಂದಕ್ಕೆ ಹೋಗುವುದು ಎಷ್ಟು ಜನರ ಒಪ್ಪಿಗೆ ಬೇಕಾದ ಕೆಲಸ ಎನ್ನುವುದು ಕೆಟ್ಟ ಮೇಲೇ ಗೊತ್ತಾಗುವುದು. ದೊಡ್ಡವರ ಮೂತ್ರಕೋಶ 400ರಿಂದ 500 ಮಿ.ಲೀ. ಹಿಡಿಯುತ್ತದೆ. 150-200 ಆಗುವಷ್ಟರಲ್ಲಿ ಮೊದಲ ಸುಳಿವು ಬರುತ್ತದೆ. ಬಸ್ಸಿನಲ್ಲಿದ್ದೇವೆ, ಸಭೆಯಲ್ಲಿದ್ದೇವೆ ಎಂದರೆ ಮಿದುಳಿನ ಮುಂಭಾಗ ತಡೆಹಿಡಿಯುತ್ತದೆ. ಸರಿಯಾದ ಜಾಗಕ್ಕೆ ಬಂದು ಕೂತ ಮೇಲೆ ಮಿದುಳುಕಾಂಡದ ಒಂದು ಸಣ್ಣ ಕೇಂದ್ರ ಅಪ್ಪಣೆ ಕೊಡುತ್ತದೆ. ಆ ಕೇಂದ್ರವನ್ನು ಇಂಗ್ಲೆಂಡಿನ ಬ್ಯಾರಿಂಗ್ಟನ್ ಎಂಬಾತ 1925ರಲ್ಲಿ ಬೆಕ್ಕುಗಳಲ್ಲಿ ಗುರುತಿಸಿದ. ಅಪ್ಪಣೆ ಬೆನ್ನುಹುರಿಯ ಉದ್ದಕ್ಕೂ ಇಳಿದು, ಅದರ ಕೆಳತುದಿಯಿಂದ ಹೊರಡುವ ನರಗಳ ಮೂಲಕ ಎರಡು ಕಡೆಗೆ ಹೋಗುತ್ತದೆ: ಚೀಲದ ಸ್ನಾಯು ಹಿಂಡಬೇಕು, ಅದೇ ಗಳಿಗೆಯಲ್ಲಿ ಬಾಯಿಯ ಸ್ನಾಯು ಸಡಿಲವಾಗಬೇಕು. ಈ ದಾರಿಯಲ್ಲಿ ಎಲ್ಲಿ ಪೆಟ್ಟು ಬಿತ್ತು ಎನ್ನುವುದರ ಮೇಲೆ ತೊಂದರೆಯ ಬಗೆ ಬೇರೆ. ತೀರ ಕೆಳಗೆ ಪೆಟ್ಟಾದರೆ ಚೀಲ ಜೋತುಬೀಳುತ್ತದೆ. ತುಂಬುತ್ತಲೇ ಇರುತ್ತದೆ, ಹಿಂಡುವುದಿಲ್ಲ, ಹಿಡಿಸದೆ ಹೆಚ್ಚಾದದ್ದು ತೊಟ್ಟಿಕ್ಕುತ್ತದೆ. ಮೇಲೆ ಪೆಟ್ಟಾದರೆ ಮೊದಲ ಕೆಲವು ವಾರ ಸುಮ್ಮನಿದ್ದ ಚೀಲ ಆಮೇಲೆ ಯಜಮಾನನಿಲ್ಲದ ಮನೆಯಂತೆ ತನಗೆ ತೋಚಿದಾಗ ಹಿಂಡಲು ಶುರುಮಾಡುತ್ತದೆ, ಬಾಯಿಯೋ ಅದೇ ಹೊತ್ತಿಗೆ ಬಿಗಿದುಕೊಳ್ಳುತ್ತದೆ. ಒತ್ತಡಕ್ಕೆ ಹೊರದಾರಿ ಸಿಗದೆ ಅದು ಕಿಡ್ನಿಯ ಕಡೆ ಹೋಗುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ, ಒದ್ದೆ ಹಾಸಿಗೆ.

ಕೊನೆಗೌಡನದು ಜೋತುಬಿದ್ದ ಚೀಲ. ದೊಡ್ಡ ಊರಿನ ಆಸ್ಪತ್ರೆಯೊಂದಕ್ಕೆ ಹೋಗಿ ತಿಂಗಳೊಪ್ಪತ್ತಿನ ಮೇಲೆ ಪೈಪಿನೊಂದಿಗೇ ವಾಪಸಾದ. ಪೈಪು ಬದಲಾಯಿಸಲು ಆಗಾಗ ನಮ್ಮಲ್ಲಿಗೆ ಕರೆತರಬೇಕೆಂದು ಚೀಟಿಯಲ್ಲಿ ಬರೆದಿತ್ತು. ಬಾಡಿಗೆ ಗಾಡಿಗೆ ದುಡ್ಡು ಹೊಂದಿದಾಗ ಅವರು ಬರುತ್ತಿದ್ದರು, ಅಂದರೆ ಹೇಳಿದ ದಿನಕ್ಕೆ ಎಂದೂ ಬರುತ್ತಿರಲಿಲ್ಲ. ಹೊರತೆಗೆದ ಪೈಪಿನ ತುದಿಗೆ ಬೂದುಬಣ್ಣದ ಹರಳು ಕಟ್ಟಿರುತ್ತಿತ್ತು, ಉಗುರಿನಲ್ಲಿ ಕೆರೆದರೆ ಮರಳಿನಂತೆ ಉದುರುತ್ತಿತ್ತು. ಒಳಗೆ ಉಳಿದ ಪೈಪಿನ ಮೇಲೆ ಬ್ಯಾಕ್ಟೀರಿಯಾ ನೆಲೆಯಾಗುವುದಕ್ಕೆ ದಿನಗಳು ಸಾಕು. ಅವುಗಳಲ್ಲಿ ಕೆಲವು ಜಾತಿ ಮೂತ್ರವನ್ನು ಕ್ಷಾರವಾಗಿಸಿ ಕಲ್ಲು ಕಟ್ಟಿಸುತ್ತವೆ. ಒಮ್ಮೆ ಪೈಪಿನ ತುದಿಯ ಚೀಲ ನೇರಳೆ ಬಣ್ಣಕ್ಕೆ ತಿರುಗಿತ್ತು. ಆಗ ಬಾಟಲಿ ಹೋಗಿ ಪ್ಲಾಸ್ಟಿಕ್ ಯೂರಿನ್ ಬ್ಯಾಗ್ ಬಂದಿತ್ತು. ಯಾರೋ ಮಾಟ ಮಾಡಿಸಿದ್ದಾರೆ ಎಂದು ಮನೆಯಲ್ಲಿ ಗಲಾಟೆಯಾಗಿ, ನಿಂಬೆಹಣ್ಣು ಕುಯ್ದು, ಆಮೇಲೆ ಆಸ್ಪತ್ರೆಗೆ ಬಂದರು. ಮಲಬದ್ಧತೆಯಿದ್ದು ಬಹುಕಾಲ ಪೈಪು ಹಾಕಿಕೊಂಡವರಲ್ಲಿ ಬ್ಯಾಕ್ಟೀರಿಯಾಗಳು ನೀಲಿ-ಕೆಂಪು ಬಣ್ಣ ತಯಾರಿಸುವುದುಂಟು, ಚೀಲ ನೇರಳೆಯಾಗುವುದು ಅದರಿಂದ. ವಿವರ ಕೇಳಿಯೂ ಅವರು ನಿಂಬೆಹಣ್ಣಿನ ಮೇಲೆ ನಂಬಿಕೆ ಕಳೆದುಕೊಳ್ಳಲಿಲ್ಲ.

ಅವನ ಹೆಂಡತಿ ದಿನಕ್ಕೆ ಮೂರು ಸಲ ಚೀಲ ಖಾಲಿ ಮಾಡಿ ಹಿತ್ತಿಲಿನ ಒಂದೇ ಅಡಿಕೆ ಮರದ ಬುಡಕ್ಕೆ ಚೆಲ್ಲುತ್ತಿದ್ದಳು. “ಆ ಮರದಷ್ಟು ಕೊನೆ ಯಾವ್ದೂ ಬಿಟ್ಟಿಲ್ಲ ಸಿಸ್ಟ್ರಮ್ಮ” ಎಂದು ನಗಾಡಿದ್ದಳು. 1985ರ ಹೊತ್ತಿಗೆ ಚಳಿಜ್ವರ ಮೇಲಿಂದ ಮೇಲೆ ಬರತೊಡಗಿತು. ಬೆಳಿಗ್ಗೆ ಏಳುವಾಗ ಮುಖ ಊದಿರುವುದು, ಅನ್ನ ಸೇರದಿರುವುದು, ಆಮೇಲೆ ನಿಲ್ಲದ ಬಿಕ್ಕಳಿಕೆ. ಕಿಡ್ನಿ ಕೈಬಿಟ್ಟವರ ಬಿಕ್ಕಳಿಕೆಯನ್ನು ವಾರ್ಡಿನ ಬಾಗಿಲಲ್ಲೇ ಗುರುತಿಸಬಹುದಿತ್ತು. ಡಯಾಲಿಸಿಸ್ ಎಂಬುದು ನಮಗೆ ಪುಸ್ತಕದಲ್ಲಿತ್ತು. ಅವನು ಹೋದದ್ದು ಆ ವರ್ಷದ ದೀಪಾವಳಿಗೆ ಮುಂಚೆ.

ಇದು ನಮ್ಮ ತಾಲ್ಲೂಕಿನ ಬಡತನದ ಕಥೆ ಮಾತ್ರವಲ್ಲ. ಮೊದಲನೇ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟಾದ ಯುರೋಪಿನ ಸೈನಿಕರಲ್ಲಿ ಹೆಚ್ಚಿನವರು ಮೂತ್ರದ ಸೋಂಕು ಮತ್ತು ಹಾಸಿಗೆಹುಣ್ಣಿನಿಂದಲೇ ಸತ್ತದ್ದು. ಅದನ್ನು ತಡೆಯಬಹುದೆಂದು ತೋರಿಸಿದವರು ಲುಡ್ವಿಗ್ ಗುಟ್‌ಮನ್. ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಈ ಯಹೂದಿ ವೈದ್ಯರಿಗೆ 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಬೆನ್ನುಹುರಿ ಗಾಯಾಳುಗಳ ವಾರ್ಡು ಸಿಕ್ಕಿತು. ಪ್ಯಾರಾಲಿಂಪಿಕ್ಸಿನ ಮೂಲಪುರುಷರೆಂದು ಅವರನ್ನು ಎಲ್ಲರೂ ನೆನೆಯುತ್ತಾರೆ. ಆ ಕ್ರೀಡೆಗಳಿಗೆ ನಾಂದಿಯಾದ ಬಿಲ್ಲುಬಾಣದ ಸ್ಪರ್ಧೆಗೆ ಮೊದಲು ಅವರು ಸರಿಪಡಿಸಿದ್ದು ರೋಗಿಗಳನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು, ಮತ್ತು ಪೈಪನ್ನು. ಪೈಪು ಒಳಗೇ ಇರಕೂಡದು. ಹೊತ್ತು ಹೊತ್ತಿಗೆ ಹಾಕಿ, ಖಾಲಿ ಮಾಡಿ, ತೆಗೆದುಬಿಡಬೇಕು. ಆದರೆ ಕಟ್ಟುನಿಟ್ಟಾದ ಆಪರೇಷನ್ ಥಿಯೇಟರ್ ಶುಚಿತ್ವ ಬೇಕು, ಹಾಕುವುದು ಡಾಕ್ಟರೇ ಆಗಬೇಕು. 1966ರಲ್ಲಿ ಅವರೂ ಹ್ಯಾನ್ಸ್ ಫ್ರಾಂಕೆಲರೂ ಈ ಕ್ರಮದ ಫಲಿತಾಂಶ ಪ್ರಕಟಿಸಿದರು. ಒಳ್ಳೆಯ ಫಲಿತಾಂಶವೇ. ಆದರೆ ಹಗಲೂ ರಾತ್ರಿ ಹೊತ್ತಿಗೆ ಸರಿಯಾಗಿ ಪೈಪು ಹಾಕಲು ಡಾಕ್ಟರನ್ನು ಎಲ್ಲಿಂದ ತರುವುದು? ನಮ್ಮಲ್ಲಿ ಇದ್ದದ್ದು ಇಬ್ಬರು, ಅವರಲ್ಲಿ ಒಬ್ಬರು ಸದಾ ರಜೆ.

ಅದೇ 1966ರಲ್ಲಿ ವೆಲ್ಲೂರಿನ ಸಿ.ಎಂ.ಸಿ.ಯಲ್ಲಿ ಪುನರ್ವಸತಿ ಸಂಸ್ಥೆ ಶುರುವಾಗಿತ್ತು. ಅದನ್ನು ಕಟ್ಟಿದ ಡಾ. ಮೇರಿ ವರ್ಗೀಸ್ 1954ರ ವಾಹನ ಅಪಘಾತದಲ್ಲಿ ತಾವೇ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರು, ಆಮೇಲೂ ಗಾಲಿಕುರ್ಚಿಯಲ್ಲಿ ಕೂತು ಕುಷ್ಠರೋಗಿಗಳ ಕೈ ಶಸ್ತ್ರಚಿಕಿತ್ಸೆ ಮಾಡಿದವರು. ಕರ್ನಾಟಕದಿಂದಲೂ ಕೈಲಾದವರು ಅಲ್ಲಿಗೆ ಹೋಗುತ್ತಿದ್ದರು. ಕೊನೆಗೌಡನಿಗೆ ವೆಲ್ಲೂರೂ ಲಂಡನ್ನೂ ಒಂದೇ ದೂರ.

ದಾರಿ ತೆರೆದದ್ದು ಬೇರೆ ಕಡೆಯಿಂದ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಜ್ಯಾಕ್ ಲ್ಯಾಪಿಡಿಸ್ ಎಂಬ ಮೂತ್ರರೋಗ ತಜ್ಞರು 1972ರಲ್ಲಿ ಒಂದು ಲೇಖನ ಪ್ರಕಟಿಸಿದರು. ಪೈಪು ಕ್ರಿಮಿರಹಿತವಾಗಿರಬೇಕಿಲ್ಲ, ಶುಚಿಯಾಗಿದ್ದರೆ ಸಾಕು. ಡಾಕ್ಟರು ಬೇಕಿಲ್ಲ, ರೋಗಿಯೇ ಹಾಕಿಕೊಳ್ಳಬಹುದು. ಸಾಬೂನಿನಿಂದ ಕೈ ತೊಳೆ, ಪೈಪು ಹಾಕು, ಖಾಲಿ ಮಾಡು, ತೆಗೆ, ತೊಳೆದಿಡು. ಅವರ ತರ್ಕ ಸರಳ. ಚೀಲ ಮಿತಿಮೀರಿ ಹಿಗ್ಗಿದಾಗ ಅದರ ಗೋಡೆಗೆ ರಕ್ತ ಹರಿಯುವುದು ಕಡಿಮೆಯಾಗುತ್ತದೆ, ಸೋಂಕು ಬೇರೂರುವುದು ಆಗ. ಆಗಾಗ ಖಾಲಿಯಾಗುವ ಚೀಲಕ್ಕೆ ನಾಲ್ಕು ಬ್ಯಾಕ್ಟೀರಿಯಾ ಹೊಕ್ಕರೂ ಅದು ತಡೆದುಕೊಳ್ಳುತ್ತದೆ. ಅಂದರೆ ಕುದಿಸುವುದಕ್ಕಿಂತ ಗಡಿಯಾರ ಮುಖ್ಯ. ಆ ಲೇಖನದಲ್ಲಿ ನಾಲ್ಕು ಹೆಸರುಗಳಿವೆ, ಕೊನೆಯದು ಬೆಟ್ಟಿ ಲೋ. ಅವರು ನರ್ಸ್, ರೋಗಿಗಳನ್ನು ಕೂರಿಸಿ ಕಲಿಸಿದವರು. ಡಾಕ್ಟರುಗಳ ಲೇಖನದಲ್ಲಿ ನರ್ಸಿನ ಹೆಸರು ಬರುವುದು ಈಗಲೂ ಅಪರೂಪ, ಹಾಗಾಗಿ ಇಲ್ಲಿ ಹೇಳಿದ್ದೇನೆ.

ಅಮೆರಿಕದ ಡಾಕ್ಟರುಗಳೇ ಮೊದಲು ಇದಕ್ಕೆ ಮೂಗು ಮುರಿದರಂತೆ. ನಮ್ಮ ಕಡೆಗೆ ಈ ಮಾತು ಬರುವಷ್ಟರಲ್ಲಿ 1990 ದಾಟಿತ್ತು. ಬೆಂಗಳೂರಿನಲ್ಲೊಂದು ತರಬೇತಿಯಲ್ಲಿ ಕೇಳಿ ಬಂದು ವಾರ್ಡಿನಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ತೋಟದಲ್ಲಿ ಕೆಲಸ ಮಾಡುವ ಕೈ, ಬಾವಿನೀರು, ಲೈಫ್‌ಬಾಯ್ ಸೋಪು! ನಾವು ಗ್ಲೌಸು ಹಾಕಿ, ಸ್ಯಾವ್ಲಾನ್ ಸುರಿದು ಹಾಕಿದ ಪೈಪಿನಲ್ಲೇ ಕೀವು ಬರುವಾಗ! ಕೀವು ಬರುತ್ತಿದ್ದದ್ದು ಪೈಪು ಅಲ್ಲೇ ಉಳಿಯುತ್ತಿದ್ದದ್ದರಿಂದ ಎಂದು ಹೇಳಿದರೆ ಯಾರಿಗೂ ರುಚಿಸುತ್ತಿರಲಿಲ್ಲ. ಇನ್ನೊಂದು ವಿಷಯವೂ ಇತ್ತು, ಯಾರೂ ಬಾಯಿಬಿಟ್ಟು ಹೇಳದ್ದು. ಪೈಪು ಹಾಕುವುದು ನಮ್ಮ ಕಸುಬು. ಅದನ್ನು ಟ್ರೇ, ಚಿಮ್ಮಟ, ಪರದೆಗಳ ನಡುವೆ ದೊಡ್ಡ ಶಾಸ್ತ್ರವಾಗಿ ಮಾಡುತ್ತಿದ್ದೆವು. ಓದುಬರಹ ಬಾರದವರೂ ಬಚ್ಚಲಲ್ಲಿ ಕೂತು ಐದು ನಿಮಿಷದಲ್ಲಿ ಮಾಡಿಕೊಳ್ಳುವ ಕೆಲಸ ಅದು ಎಂದು ಒಪ್ಪುವುದಕ್ಕೆ ಆಸ್ಪತ್ರೆಗಳಿಗೆ ಅಷ್ಟು ವರ್ಷ ಹಿಡಿದದ್ದರಲ್ಲಿ ಈ ಶಾಸ್ತ್ರದ ಪಾಲೂ ಇದೆ ಎಂದು ನನ್ನ ಅಭಿಪ್ರಾಯ.

ನಾನು ಮೊದಲು ಕಲಿಸಿದ್ದು ಬೆನ್ನುಮೂಳೆಯ ಕ್ಷಯವಾದ ಒಬ್ಬ ಹೆಂಗಸಿಗೆ. ಕೀವು ಬೆನ್ನುಹುರಿಯನ್ನು ಒತ್ತಿ ಕಾಲು ಸೋತಿದ್ದವು, ಒಂದಕ್ಕೂ ಕಟ್ಟಿತ್ತು. ಹೆಂಗಸರಿಗೆ ಕಲಿಸುವುದು ಕಷ್ಟ. ಗಂಡಸಿಗೆ ದಾರಿ ಕಣ್ಣಿಗೆ ಕಾಣುತ್ತದೆ. ಹೆಂಗಸರಲ್ಲಿ ಹೆಚ್ಚಿನವರು ತಮ್ಮ ಮೈಯ ಆ ಭಾಗವನ್ನು ಜನ್ಮದಲ್ಲಿ ನೋಡಿರುವುದಿಲ್ಲ, ನೋಡಬಾರದೆಂದೇ ಬೆಳೆದಿರುತ್ತಾರೆ. ಕುಂಕುಮ ಇಟ್ಟುಕೊಳ್ಳುವ ಕೈಗನ್ನಡಿಯನ್ನು ಕಾಲ ನಡುವೆ ಒರಗಿಸಿ, ಎಡಗೈ ಎರಡು ಬೆರಳಿನಲ್ಲಿ ಬಿಡಿಸಿ ಹಿಡಿದು, ಮೇಲಿನ ಸಣ್ಣ ತೂತು ಮೂತ್ರದ್ದು, ಕೆಳಗಿನದು ಅಲ್ಲ ಎಂದು ತೋರಿಸಬೇಕು. ಹೆಂಗಸರಲ್ಲಿ ದಾರಿ ಒಂದೂವರೆ ಇಂಚು ಅಷ್ಟೆ. ಮೊದಲ ದಿನ ಅವಳ ಕೈ ನಡುಗಿ ಪೈಪು ಮೂರು ಸಲ ಬೇರೆಡೆಗೆ ಹೋಯಿತು. ಪರದೆಯ ಆಚೆ ನಿಂತಿದ್ದ ಅತ್ತೆ, “ಅಲ್ಲೆಲ್ಲ ಕೈ ಹಾಕದು ಅಂದ್ರೆ ಎಂತ ಮರ್ಯಾದೆ?” ಎಂದು ಗೊಣಗಿದರು. ಆ ಹೆಂಗಸು ಒಳಗಿನಿಂದಲೇ, “ನಿಮ್ಮ ಕೈಯಲ್ಲಿ ಸೀರೆ ತೊಳಿಸ್ಕಂಬದಕ್ಕಿಂತ ಇದೇ ಮರ್ಯಾದೆ ಅತ್ಯಮ್ಮ” ಅಂದಳು. ವಾರದೊಳಗೆ ಕನ್ನಡಿ ಬಿಟ್ಟು ಬೆರಳಿನ ಅಂದಾಜಿನಲ್ಲೇ ಹಾಕಿಕೊಳ್ಳುವಷ್ಟಾದಳು. ಕ್ಷಯದ ಔಷಧಿ ಹಿಡಿದು, ಕೋಲೂರಿ ನಡೆಯುವಂತಾಗಿ, ಕೊನೆಗೆ ಮೂತ್ರದ ಹಿಡಿತವೂ ಬಹುಪಾಲು ವಾಪಸು ಬಂತು. ಎಲ್ಲರಿಗೂ ಹಾಗೆ ಬರುವುದಿಲ್ಲ.

ಬೆನ್ನುಹುರಿಯ ದೋಷ ಹುಟ್ಟಿನಿಂದಲೇ ಇರುವ ಮಕ್ಕಳದ್ದು ಬೇರೆ ಪಾಡು. ಗರ್ಭದಲ್ಲೇ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದ ಸ್ಪೈನಾ ಬೈಫಿಡಾ ಅದು. ಗರ್ಭ ನಿಲ್ಲುವ ಮೊದಲಿನಿಂದಲೇ ಫೋಲಿಕ್ ಆಮ್ಲ ತೆಗೆದುಕೊಂಡರೆ ಇಂಥ ಬಹಳಷ್ಟು ಪ್ರಕರಣಗಳನ್ನು ತಪ್ಪಿಸಬಹುದೆಂದು 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿಯ ಅಧ್ಯಯನ ತೋರಿಸಿತು. ನಮ್ಮಲ್ಲಿ ಮಾತ್ರೆ ಕೈಸೇರುವುದು ಬಸುರಿಯೆಂದು ಹೆಸರು ಬರೆಸಿದ ಮೇಲೆ, ಅಷ್ಟರಲ್ಲಿ ಬೆನ್ನು ಮುಚ್ಚಿಕೊಳ್ಳುವ ನಾಲ್ಕು ವಾರ ಕಳೆದಿರುತ್ತದೆ. ಇಂಥ ಮಕ್ಕಳಿಗೆ ತಾಯಂದಿರು ಇಂಟರ್‌ವೆಲ್ಲಿನಲ್ಲಿ ಶಾಲೆಗೆ ಓಡಿಹೋಗಿ ಪೈಪು ಹಾಕಿ ಬರುತ್ತಿದ್ದುದನ್ನು ಕಂಡಿದ್ದೇನೆ. ಏಳೆಂಟು ವರ್ಷಕ್ಕೆ ಮಗುವೇ ಕಲಿಯಬಲ್ಲದು. ತಾಯಿಗೆ ಅದನ್ನು ನಂಬಿಸುವುದೇ ಹೆಚ್ಚು ಕಷ್ಟ.

ಸಕ್ಕರೆ ಕಾಯಿಲೆಯವರು ಕಾಣಿಸುವುದು ತಡವಾಗಿ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು, ಬೆಳಿಗ್ಗೆ ಹೋದರೆ ಮತ್ತೆ ಸಂಜೆಗೇ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು, ಈ ವಯಸ್ಸಿನಲ್ಲಿ ಯಾರಿಗಿದೆ ಇಂಥ ತಡೆ ಎಂದು. ಆಮೇಲೆ ಪಂಚೆ ಒದ್ದೆಯಾಗತೊಡಗಿದಾಗ ಮನೆಯವರು ಮುದಿತನ ಅಂದುಕೊಂಡರು. ಸ್ಕ್ಯಾನಿಂಗಿನಲ್ಲಿ ನೋಡಿದರೆ, ಹೋಗಿ ಬಂದ ಮೇಲೂ ಒಂದು ಲೀಟರಿನ ಮೇಲೆ ಒಳಗೇ ಉಳಿದಿತ್ತು. ಸಕ್ಕರೆ ಮೊದಲು ಹಾಳು ಮಾಡುವುದು ತುಂಬಿದೆ ಎಂದು ಹೇಳುವ ನರವನ್ನು. ನೋವಿಲ್ಲ, ಅವಸರವಿಲ್ಲ, ಚೀಲ ವರ್ಷಗಟ್ಟಲೆ ಹಿಗ್ಗುತ್ತಾ ಹೋಗುತ್ತದೆ. ಇಂಥವರಿಗೆ ಮೊದಲ ಔಷಧಿ ಗಡಿಯಾರ: ಬರಲಿ ಬಿಡಲಿ, ಮೂರು-ನಾಲ್ಕು ಗಂಟೆಗೊಮ್ಮೆ ಹೋಗಬೇಕು. ಮೇಷ್ಟ್ರು ಶಾಲೆಯ ಪೀರಿಯಡ್ಡಿನ ಲೆಕ್ಕದಲ್ಲಿ ಅದನ್ನು ಪಾಲಿಸಿದರು.

ನಮ್ಮನೆಯವರಿಗೆ ಪಾರ್ಕಿನ್ಸನ್ ಬಂದಾಗ ಇದು ಉಲ್ಟಾ. ತಡೆಹಿಡಿಯುವ ಮಿದುಳಿನ ಭಾಗ ಸಡಿಲವಾಗಿ, ಸ್ವಲ್ಪ ತುಂಬಿದರೂ ಅವಸರ. ಕಾಲು ಮಾತ್ರ ಅಷ್ಟು ಬೇಗ ಏಳುವುದಿಲ್ಲ. ರಾತ್ರಿ ನಾಲ್ಕೈದು ಸಲ ಎದ್ದು, ಕತ್ತಲಲ್ಲಿ ಬಚ್ಚಲಿಗೆ ಹೋಗುವಾಗ ಬಿದ್ದು, ಹುಬ್ಬಿಗೆ ಹೊಲಿಗೆ ಬಿತ್ತು. ಡಾಕ್ಟರೊಬ್ಬರು ಆಕ್ಸಿಬ್ಯುಟಿನಿನ್ ಬರೆದುಕೊಟ್ಟರು. 1970ರ ದಶಕದಿಂದ ಬಳಕೆಯಲ್ಲಿರುವ ಮಾತ್ರೆ, ಚೀಲದ ಹಿಂಡುವಿಕೆಯನ್ನು ತಗ್ಗಿಸುತ್ತದೆ, ಬಾಯಿ ಒಣಗುತ್ತದೆ. ವಯಸ್ಸಾದವರಲ್ಲಿ ಬುದ್ಧಿಯನ್ನೂ ಕಲಸಬಹುದು. ವಾರದೊಳಗೆ ಇವರು ಇದು ಯಾರ ಮನೆ, ಬಾಡಿಗೆ ಎಷ್ಟು ಎಂದು ಕೇಳತೊಡಗಿದರು. ಮಾತ್ರೆ ನಿಲ್ಲಿಸಿ ಮಿರಾಬೆಗ್ರಾನ್‌ಗೆ ಬದಲಾಯಿಸಿದ ಮೇಲೆ ಬಾಡಿಗೆಯ ವಿಚಾರ ನಿಂತಿತು. ನಿಜವಾದ ಉಪಕಾರ ಮಾಡಿದ್ದು ಮಾತ್ರ ಮಂಚದ ಪಕ್ಕದ ಪ್ಲಾಸ್ಟಿಕ್ ಯೂರಿನಲ್, ರಾತ್ರಿಯಿಡೀ ಉರಿಯುವ ಜೀರೋ ಬಲ್ಬು, ಸಂಜೆ ಏಳರ ಕಾಫಿಯನ್ನು ನಾಲ್ಕಕ್ಕೆ ತಂದದ್ದು. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದ ಮನುಷ್ಯ ಯೂರಿನಲ್ ಮುಟ್ಟುವುದಿಲ್ಲವೆಂದು ಹಟ ಹಿಡಿದಿದ್ದರು. ಹುಬ್ಬಿನ ಹೊಲಿಗೆ ಬಿಚ್ಚಿದ ದಿನ ಒಪ್ಪಿದರು.

ಈಗ ಒಬ್ಬ ಹುಡುಗನ ವಿಷಯ. 2014ರಲ್ಲಿ ಔಷಧಿ ಹೊಡೆಯುವಾಗ ಬಿದ್ದವನು, ಆಗ ಇಪ್ಪತ್ತನಾಲ್ಕು. 108 ಆಂಬುಲೆನ್ಸಿನವರು ಹಲಗೆಯ ಮೇಲೆ ಬಿಗಿದು ಕರೆದೊಯ್ದರು. ಬೆನ್ನಿಗೆ ರಾಡು ಹಾಕಿದರು. ಕಾಲು ಬರಲಿಲ್ಲ. ಆದರೆ ಮನೆಗೆ ಕಳಿಸುವ ಮೊದಲೇ ನನ್ನ ಮಗಳ ವಯಸ್ಸಿನ ಒಬ್ಬ ನರ್ಸು ಅವನಿಗೆ ಪೈಪು ಹಾಕಿಕೊಳ್ಳುವುದನ್ನು ಕಲಿಸಿದ್ದಳು. 14ನೇ ನಂಬರಿನ ಪೈಪು. ಅಂದರೆ ಅಡ್ಡಳತೆ 14 ಮಿ.ಮೀ. ಅಲ್ಲ, ಅದನ್ನು ಮೂರರಿಂದ ಭಾಗಿಸಬೇಕು, ಐದಕ್ಕೂ ಕಡಿಮೆ. ನೋವಾಗುತ್ತದೆಯೇ ಎಂದು ಕೇಳಿದವರಿಗೆ ಅವನ ಉತ್ತರ: “ಗೊತ್ತಾಗಿದ್ರೆ ಪೈಪ್ ಯಾಕೆ ಬೇಕಿತ್ತು ಮಾರಾಯ್ರೆ.” ರಸ್ತೆಬದಿಯಲ್ಲಿ ಜೆರಾಕ್ಸ್ ಮತ್ತು ಮೊಬೈಲ್ ರೀಚಾರ್ಜಿನ ಅಂಗಡಿ ಇಟ್ಟಿದ್ದಾನೆ. ಮೊಬೈಲಿನಲ್ಲಿ ಅಲಾರಂ ಹೊಡೆದ ಕೂಡಲೇ ಗಿರಾಕಿಗೆ ಎರಡು ನಿಮಿಷ ಅಂದು ಪರದೆಯ ಹಿಂದೆ ಗಾಲಿಕುರ್ಚಿ ತಿರುಗಿಸುತ್ತಾನೆ. ದಿನಕ್ಕೆ ಐದು ಸಲ. ಅಳತೆಗೆ ನೀರಿನ ಬಾಟಲಿಯ ಕತ್ತು ಕತ್ತರಿಸಿ, ಸ್ಕೆಚ್ ಪೆನ್ನಿನಲ್ಲಿ 100, 200, 300, 400 ಎಂದು ಗೆರೆ ಎಳೆದಿದ್ದಾನೆ. 400 ದಾಟಿದರೆ ಕುಡಿದ ನೀರಿನ ಲೆಕ್ಕ ತಪ್ಪಿದೆ ಎಂದರ್ಥ.

ಅವನ ಪೆಟ್ಟು ಕೊನೆಗೌಡನದಕ್ಕಿಂತ ಮೇಲೆ. ಆರೆಂಟು ತಿಂಗಳಾದ ಮೇಲೆ ಪೈಪಿನ ಎರಡು ಹೊತ್ತಿನ ನಡುವೆಯೂ ಸೋರತೊಡಗಿತು. ಹಿಂದೆಯಾಗಿದ್ದರೆ ನಿರೋಧ್ ಕಟ್ಟಿ ಸುಮ್ಮನಾಗುತ್ತಿದ್ದರು. ಅವನನ್ನು ದೊಡ್ಡ ಆಸ್ಪತ್ರೆಗೆ ಕರೆಸಿ ಯೂರೋಡೈನಮಿಕ್ಸ್ ಪರೀಕ್ಷೆ ಮಾಡಿದರು. ಚೀಲದೊಳಗೆ ಒಂದು ಸಪೂರ ಕೊಳವೆ, ಗುದದ್ವಾರದಲ್ಲಿ ಇನ್ನೊಂದು, ಮೆಲ್ಲಗೆ ಸಲೈನ್ ತುಂಬಿಸುತ್ತಾ ಒತ್ತಡದ ಗ್ರಾಫ್ ತೆಗೆಯುತ್ತಾರೆ. ಒಳಗಿನ ಒತ್ತಡ 40 ಸೆಂಟಿಮೀಟರ್ ನೀರಿನ ಮಟ್ಟ ದಾಟಿದರೆ ಕಿಡ್ನಿಗೆ ಅಪಾಯ. ಇವನದು ದಾಟುತ್ತಿತ್ತು. ಮಾತ್ರೆ ಸಾಲದೆ, ದುರ್ಬೀನಿನ ಕೊಳವೆ ಹಾಕಿ ಚೀಲದ ಗೋಡೆಯ ಹಲವು ಜಾಗಗಳಿಗೆ ಬೋಟಾಕ್ಸ್ ಚುಚ್ಚಿದರು. ಸಿನಿಮಾದವರು ಮುಖದ ಸುಕ್ಕಿಗೆ ಹಾಕಿಸಿಕೊಳ್ಳುವ ಅದೇ ಬೋಟಾಕ್ಸ್. ನರರೋಗದ ಮೂತ್ರಕೋಶಕ್ಕೆ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ. ತಿಂಗಳುಗಳ ಮೇಲೆ ಅದರ ಪ್ರಭಾವ ಇಳಿಯುತ್ತದೆ, ಮತ್ತೆ ಹಾಕಿಸಬೇಕು. ದುಬಾರಿ. ಅವನು ಎರಡನೆಯ ಸಲ ಹಾಕಿಸಿಕೊಳ್ಳುವ ಮುಂಚೆ ವರ್ಷ ಕಳೆದಿತ್ತು.

ಇಷ್ಟೆಲ್ಲ ಬದಲಾದರೂ ಅವನಿಗೆ ಬಂದ ಒಂದೇ ಒಂದು ದೊಡ್ಡ ಜ್ವರ ಮದುವೆಯೂಟದ್ದು. ಛತ್ರದ ಪಾಯಿಖಾನೆಗೆ ಮೂರು ಮೆಟ್ಟಿಲು, ಬಾಗಿಲು ಕುರ್ಚಿಗಿಂತ ಸಣ್ಣದು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಪೈಪು ಜೇಬಿನಲ್ಲೇ ಉಳಿಯಿತು. ಬಸ್ ಸ್ಟ್ಯಾಂಡಿನ ಅಂಗವಿಕಲರ ಶೌಚಾಲಯಕ್ಕೆ ಬೋರ್ಡಿದೆ, ರ‍್ಯಾಂಪಿದೆ, ಬೀಗವೂ ಇದೆ. ಒಳಗೆ ಪೊರಕೆ, ಫಿನಾಯಿಲ್ ಡಬ್ಬ. ಮಾಮೂಲಿಯದ್ದಕ್ಕೆ ಹೋದರೆ, ಇಷ್ಟು ಹೊತ್ತು ಒಳಗೆ ಎಂತ ಮಾಡ್ತಿದ್ದೆ, ಇಂಜೆಕ್ಷನ್ ತಗಳ್ತೀಯ ಎಂದು ಕಾಸು ತೆಗೆದುಕೊಳ್ಳುವವನ ವಿಚಾರಣೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಿಂದಿದ್ದ 7 ಬಗೆಯ ವೈಕಲ್ಯವನ್ನು 21ಕ್ಕೆ ಏರಿಸಿತು. ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಎರಡೂ ಈಗ ಪಟ್ಟಿಯಲ್ಲಿವೆ. ಬೀಗದ ಕೈ ಯಾರ ಹತ್ತಿರ ಇರಬೇಕೆಂದು ಕಾಯ್ದೆ ಬರೆದವರಿಗೆ ಹೊಳೆದಂತಿಲ್ಲ. ಹೆಂಗಸರ ಪಾಡು ಇದಕ್ಕಿಂತ ಕಡೆ. ಸೋರಿಕೆಯಿರುವ ಎಷ್ಟೋ ಹೆಂಗಸರು ಊರಿಗೆ ಹೋಗುವ ದಿನ ನೀರನ್ನೇ ಮುಟ್ಟುವುದಿಲ್ಲ. ಗಾಢವಾದ ಮೂತ್ರವು ಚೀಲವನ್ನು ಇನ್ನಷ್ಟು ಕೆರಳಿಸುತ್ತದೆ, ಸೋಂಕಿಗೂ ದಾರಿ ಮಾಡುತ್ತದೆ.

ನಮ್ಮ ಸುತ್ತಿನ ತೋಟಗಳಲ್ಲಿ ಈಗ ಮರ ಹತ್ತುವವರು ಕಡಿಮೆ. ನೆಲದಲ್ಲೇ ನಿಂತು ಫೈಬರ್ ದೋಟಿಯಲ್ಲಿ ಔಷಧಿ ಹೊಡೆಯುತ್ತಾರೆ, ಕೊನೆಯನ್ನೂ ಇಳಿಸುತ್ತಾರೆ. ಅಷ್ಟರಮಟ್ಟಿಗೆ ಬೆನ್ನುಗಳು ಉಳಿದಿವೆ. ಉಳಿದವನ್ನು ಬೈಕುಗಳು ನೋಡಿಕೊಳ್ಳುತ್ತಿವೆ.

ಹುಡುಗನಿಗೂ ನನಗೂ ಒಂದು ಜಗಳ ಬಗೆಹರಿದಿಲ್ಲ. ಪೈಪಿನ ಪೊಟ್ಟಣದ ಮೇಲೆ ಒಂದೇ ಸಲ ಬಳಸಿ ಎಂದು ಬರೆದಿರುತ್ತದೆ. ಅವನು ತೊಳೆದು, ಒಳಗಿನ ನೀರು ಕೊಡವಿ, ಶುಚಿಯಾದ ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬದಲ್ಲಿಟ್ಟು ದಿನಗಟ್ಟಲೆ ಬಳಸುತ್ತಾನೆ. ಹಳದಿಯಾದಾಗ ಅಥವಾ ಗಡಸಾದಾಗ ಎಸೆಯುತ್ತಾನೆ. ನಾನು ಬೈದರೆ, “ತಿಂಗಳಿಗೆ 150 ಪೈಪು ತಗಳಕೆ ಅಂಗಡಿ ಮಾರ್ಬೇಕು ಸಿಸ್ಟ್ರಮ್ಮ” ಅನ್ನುತ್ತಾನೆ. ಲ್ಯಾಪಿಡಿಸ್ ಹೇಳಿದ್ದೂ ತೊಳೆದು ಬಳಸು ಎಂದೇ ಅಲ್ಲವೇ ಎಂದು ನಾನು ಹೇಳಿಕೊಟ್ಟದ್ದನ್ನೇ ನನಗೆ ತಿರುಗಿಸುತ್ತಾನೆ. ಮೊನ್ನೆ ರಕ್ತಪರೀಕ್ಷೆಯ ಚೀಟಿ ತಂದು ಮುಂದಿಟ್ಟ: ಕ್ರಿಯಾಟಿನಿನ್ 0.9. ಕೊನೆಗೌಡ ಎರಡು ವರ್ಷ ಬದುಕಿದ, ಇವನಿಗೆ ಹತ್ತು ದಾಟಿದೆ. ಆದರೂ ಕಾಲಿನ ಸ್ನಾಯು ಕರಗಿದವರಲ್ಲಿ ಆ ಸಂಖ್ಯೆ ಇರಬೇಕಾದದ್ದಕ್ಕಿಂತ ಕಡಿಮೆಯೇ ತೋರಿಸುತ್ತದೆ, ಕಿಡ್ನಿಯ ಸ್ಥಿತಿ ಅದರಿಂದ ಗೊತ್ತಾಗುವುದಿಲ್ಲ. ಸ್ಕ್ಯಾನಿಂಗ್ ಯಾವಾಗ ಮಾಡಿಸಿದ್ದೆ ಎಂದು ಕೇಳಿದೆ. ಹೋದ ವರ್ಷದ ಹಿಂದಿನ ವರ್ಷ ಅಂದ. ಈ ವಾರವೇ ಮಾಡಿಸು ಅಂದರೆ, “ಮಳೆ ಸ್ವಲ್ಪ ಬಿಡ್ಲಿ” ಅನ್ನುತ್ತಿದ್ದಾನೆ.